ಎಳೆಯುವ ಕಾರಿಗೆ ಅಶ್ವಶಕ್ತಿಯೊಂದೇ ಸಾಲದು
ದೋಣಿಯ ಟ್ರೇಲರ್ ಎಳೆಯಲು ವೇಗವೂ ಮೈಲೇಜೂ ಇರುವ ಎಸ್ಟೇಟ್ ಕಾರನ್ನು (ಹಿಂಭಾಗದಲ್ಲಿ ಸಾಮಾನಿಗೆ ಉದ್ದನೆಯ ಜಾಗವಿರುವ ಕಾರು) ಆರಿಸುವಾಗ ಅಶ್ವಶಕ್ತಿಯನ್ನೇ ಮೊದಲು ನೋಡಬೇಕೆಂದು ಲೇಖನವೊಂದರಲ್ಲಿ ಬಂದ ಮಾತನ್ನು, ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಓಡಾಡುವ ನಾನು ಒಪ್ಪಲಾರೆ. ಭಾರ ಎಳೆದುಕೊಂಡು ಏರು ಹತ್ತುವಾಗ ಬೇಕಾಗುವುದು ಎಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು (ಆರ್‌ಪಿಎಂ) ತಿರುಗುವಾಗಲೇ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಟರ್ಬೊ ಡೀಸೆಲ್ ಎಂಜಿನ್ ಅದನ್ನು ಕೊಡುವುದರಿಂದ ಪದೇ ಪದೇ ಗೇರ್ ಇಳಿಸಬೇಕಾಗುವುದಿಲ್ಲ, ಇಂಧನವೂ ಉಳಿಯುತ್ತದೆ. ಇಳಿಜಾರಿನ ಕತೆಯೇ ಬೇರೆ. ಅಲ್ಲಿ ಟ್ರೇಲರ್ ಹಿಂದಿನಿಂದ ಕಾರನ್ನು ನೂಕುತ್ತದೆ, ಬ್ರೇಕನ್ನು ಒತ್ತಿಯೇ ಇಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಲಾರಿ ಚಾಲಕರ ಹಳೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಬ್ರೇಕ್ ಇರುವ ಮತ್ತು ಇಲ್ಲದ ಟ್ರೇಲರ್‌ಗಳಿಗೆ ತಯಾರಕರು ಬೇರೆ ಬೇರೆಯಾಗಿ ನಮೂದಿಸುವ ತೂಕದ ಮಿತಿಯನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.