ಒಮ್ಮೆ ಕಣ್ಣು ಮುಚ್ಚಿ

ಸ್ವಂತ ಊರಿನಲ್ಲಿ ಟೂರಿಸ್ಟ್ ಆಗೋಕೆ ತಲೆಗೆ 1,800 ರೂಪಾಯಿ. ಹೋದ ಭಾನುವಾರದಿಂದ ಈ ಲೆಕ್ಕ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇಳಿಯುತ್ತಿಲ್ಲ.

ದುಡ್ಡು ಕೊಟ್ಟಿದ್ದು ನಾನಲ್ಲ, ಬೆಂಗಳೂರಿನಲ್ಲಿರುವ ಅಕ್ಕನ ಮಗ. "ಮಾಮ, ನಿಮಗೂ ಅತ್ತೆಗೂ ಒಂದು ಸರ್‌ಪ್ರೈಸ್. ಬೆಳಿಗ್ಗೆ ಏಳಕ್ಕೆ ರೆಡಿ ಇರಿ. ಶೂ ಹಾಕ್ಕೊಳ್ಳಿ, ಟೋಪಿ ಇರಲಿ" ಅಂದ. ಹಂಪಿಯೋ ಜೋಗವೋ ಇರಬೇಕು ಅಂತ ನಾವು ನೀರಿನ ಬಾಟಲಿ, ಚಕ್ಕುಲಿ, ವಾಂತಿ ಮಾತ್ರೆ ಎಲ್ಲ ತುಂಬಿಕೊಂಡೆವು. ವ್ಯಾನು ನಮ್ಮನ್ನು ಹತ್ತಿಸಿಕೊಂಡು ಏಳು ನಿಮಿಷ ಓಡಿ ನಿಂತಿತು. ಇಳಿದು ನೋಡಿದರೆ ಗಡಿಯಾರ ಕಂಬ. ಅದರ ಪಕ್ಕದ ಗಲ್ಲಿಯಲ್ಲೇ ಗುರುವಾರ ನಾನು ಮಿಕ್ಸಿ ರಿಪೇರಿಗೆ ಕೊಟ್ಟು ಬಂದಿದ್ದೆ.

"ವೆಲ್‌ಕಮ್ ಟು ಓಲ್ಡ್ ದಾವಣಗೆರೆ!" ಅಂದ ಗೈಡ್.

ದಾವಣಗೆರೆ ಮತ್ತು ದುರ್ಗ, ಒಂದೇ ದಿನದಲ್ಲಿ ಇತಿಹಾಸ ಮತ್ತು ರುಚಿ. ಇದು ಅವರ ಪ್ಯಾಕೇಜು. ಗೈಡ್ ಇಪ್ಪತ್ತೈದರ ಹುಡುಗ. ಸೊಂಟಕ್ಕೆ ಪುಟ್ಟ ಸ್ಪೀಕರ್, ಬಾಯಿ ಹತ್ತಿರ ಮೈಕು, ಓಣಿಯಲ್ಲಿ ಹಳೇ ಪೇಪರ್ ಕೂಗುವವರ ಥರ. ಚೆನ್ನಾಗಿ ಓದಿಕೊಂಡು ಬಂದಿದ್ದ, ಇಲ್ಲ ಅನ್ನಲಾರೆ. ಆದರೆ ಅವನಿಗೊಂದು ಚಟ. ಎಲ್ಲಿ ನಿಂತರೂ ದನಿ ತಗ್ಗಿಸಿ, "ಎಲ್ಲರೂ ಒಮ್ಮೆ ಕಣ್ಣು ಮುಚ್ಚಿ. ಕಲ್ಪಿಸಿಕೊಳ್ಳಿ..." ಅನ್ನುವುದು. ಅಲ್ಲಪ್ಪಾ, ನೋಡೋಕೆ ಅಂತ ದುಡ್ಡು ಕೊಟ್ಟು ಬಂದವರಿಗೆ ಕಣ್ಣು ಮುಚ್ಚಿ ಅಂದರೆ ಹೇಗೆ?

ಮೊದಲ ಸಲ ಗಡಿಯಾರ ಕಂಬದ ಹತ್ತಿರವೇ ಮುಚ್ಚಿಸಿದ. ಹಳೇ ಪೇಟೆ, ಎತ್ತಿನ ಗಾಡಿ, ಹತ್ತಿ ಮೂಟೆ ಕಲ್ಪಿಸಿಕೊಳ್ಳಬೇಕು. ಹನ್ನೆರಡು ಜನ ನಡುಬೀದಿಯಲ್ಲಿ ಕಣ್ಣು ಮುಚ್ಚಿ ತಲೆ ಬಗ್ಗಿಸಿ ನಿಂತೆವು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಯಾರೋ ಬಂದು ನಿಂತ ಹಾಗಾಯಿತು. ಒಂದು ಕಣ್ಣು ತೆರೆದು ನೋಡಿದರೆ ಮಿಕ್ಸಿ ರಿಪೇರಿಯವರು. ಚಪ್ಪಲಿ ಪಕ್ಕಕ್ಕೆ ಬಿಟ್ಟು, ಕೈ ಕಟ್ಟಿಕೊಂಡು ನಿಂತಿದ್ದಾರೆ. "ಯಾರ್ ಹೋದ್ರಿ ಸಾರ್?" ಅಂತ ಪಿಸುಗುಟ್ಟಿದರು. ಮೌನಾಚರಣೆ ಅಂದುಕೊಂಡಿದ್ದರು, ಪಾಪ. ನನ್ನ 1,800 ರೂಪಾಯಿ ಅನ್ನಬೇಕು ಅನ್ನಿಸಿತು.

ಆಮೇಲೆ ಬೆಣ್ಣೆ ದೋಸೆ. ಇಲ್ಲಿ ನಡೆದದ್ದನ್ನು ನಾನು ನಿಧಾನವಾಗಿಯೇ ಹೇಳಬೇಕು.

ಭಾನುವಾರ ಬೆಳಿಗ್ಗೆ ನಮ್ಮೂರಿನ ದೋಸೆ ಹೋಟೆಲು ಹೇಗಿರುತ್ತದೆ ಅಂತ ಗೊತ್ತಲ್ವಾ. ನೀವು ಕೂತ ಕುರ್ಚಿಯ ಹಿಂದೆ ಒಬ್ಬ ನಿಂತಿರುತ್ತಾನೆ. ಅವನ ಕಣ್ಣು ನಿಮ್ಮ ತಟ್ಟೆಯ ಮೇಲೆ. ನೀವು ಕೊನೆಯ ತುಂಡಿನಲ್ಲಿ ಚಟ್ನಿ ಬಳಿಯುವಾಗ ಅವನ ಕೈ ಕುರ್ಚಿಯ ಬೆನ್ನಿಗೆ ಬರುತ್ತದೆ. ಇನ್ನೊಂದು ದೋಸೆ ಹೇಳಿದರೆ ಅವನು ಬಿಡುವ ನಿಟ್ಟುಸಿರು ನಿಮ್ಮ ಕತ್ತಿಗೆ ತಾಗುತ್ತದೆ. ಅಂಥ ಜಾಗದಲ್ಲಿ ಇಪ್ಪತ್ತೈದು ನಿಮಿಷ ಕಾದು ನಮಗೆ ಅಕ್ಕಪಕ್ಕದ ಮೂರು ಟೇಬಲ್ ಸಿಕ್ಕವು. ದೋಸೆ ಹೇಳಿದ್ದೂ ಆಯಿತು.

ಆಗ ಗೈಡ್ ಎದ್ದ. "ಎಲ್ಲರೂ ಒಲೆ ಹತ್ತಿರ ಬನ್ನಿ. ಆ ಶಾಖ ಮುಖಕ್ಕೆ ತಾಗಬೇಕು."

ನನ್ನ ಮೈಯ ಒಂದೊಂದು ಎಲುಬೂ ಬೇಡ ಅಂದಿತು. ದಾವಣಗೆರೆಯಲ್ಲಿ ಭಾನುವಾರ ದೋಸೆ ಟೇಬಲ್‌ನಿಂದ ಏಳುವುದು ಕೈ ತೊಳೆಯೋಕೆ ಮಾತ್ರ. ಹೇಳಿದೆ. "ಸರ್, ಎರಡೇ ನಿಮಿಷ" ಅಂದ. ಅಕ್ಕನ ಮಗ ರಟ್ಟೆ ಹಿಡಿದು ಎಬ್ಬಿಸಿದ.

ಸೌದೆ ಒಲೆಯ ಮುಂದೆ ಸಾಲಾಗಿ ನಿಂತೆವು. ಎಲ್ಲರೂ ಒಮ್ಮೆ ಕಣ್ಣು ಮುಚ್ಚಿ. ಬೆಳಗಾವಿ ಕಡೆಯ ಬೆಣ್ಣೆಹಳ್ಳಿಯಿಂದ ಚೆನ್ನಮ್ಮ ಎಂಬಾಕೆ ಮಕ್ಕಳನ್ನು ಕಟ್ಟಿಕೊಂಡು 1928ರಲ್ಲಿ ಈ ಊರಿಗೆ ಬಂದರು, ನಾಟಕದ ಥಿಯೇಟರಿನ ಮುಂದೆ ರಾಗಿ ದೋಸೆ ಹಾಕಲು ಶುರು ಮಾಡಿದರು, ಮುಂದೆ ಮಕ್ಕಳು ಅಕ್ಕಿ ಹಿಟ್ಟಿಗೆ, ಬೆಣ್ಣೆಗೆ ಬಂದರು. ಊರಲ್ಲಿ ಎಲ್ಲರೂ ಹೇಳುವ ಕಥೆ. ನನ್ನ ಅಜ್ಜಿ ಇದನ್ನು ಒಂದು ದೋಸೆ ಹುಯ್ದು ಮಗುಚುವಷ್ಟರಲ್ಲಿ ಮುಗಿಸುತ್ತಿದ್ದಳು. ಇವನು ನಾಟಕದ ಗಂಟೆ ಬಾರಿಸಿದ, ಪರದೆ ಎತ್ತಿಸಿದ, ಪ್ರೇಕ್ಷಕರಿಗೆ ಹಸಿವು ಮಾಡಿಸಿದ. ನಮಗಂತೂ ಆಗಲೇ ಆಗಿತ್ತು.

ಕಣ್ಣು ತೆರೆದೆವು. ಮೂರು ಟೇಬಲ್ಲೂ ಭರ್ತಿ.

ಒಂದರಲ್ಲಿ ಕಾಲೇಜು ಹುಡುಗರು. ಇನ್ನೊಂದರಲ್ಲಿ ಮದುವೆ ಜವಳಿಗೆ ಬಂದ ಸಂಸಾರ. ಮೂರನೆಯದರಲ್ಲಿ, ನನ್ನದೇ ಕುರ್ಚಿಯಲ್ಲಿ, ಒಬ್ಬ ಅಜ್ಜಿ. ಅವರ ಮುಂದೆ ನಾನು ಹೇಳಿದ್ದ ದೋಸೆ. ಕೆಂಪಗೆ ಗರಿಗರಿ. ಮೇಲೆ ಬೆಣ್ಣೆ ಉಂಡೆ ಆಗಷ್ಟೇ ಓರೆಯಾಗಿ ಜಾರುತ್ತಿದೆ. ಅಜ್ಜಿ ಅಂಚು ಮುರಿದು, ಬಿಳಿ ಚಟ್ನಿಯಲ್ಲಿ ಅದ್ದಿ, ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಬೇಕಾದ್ದು ಆಗ.

"ಅಮ್ಮಾ, ಅದು ನಮ್ದು" ಅಂದೆ.

"ನಿಮ್ದಾ? ನೀವೆಲ್ಲಾ ಒಲಿ ಮುಂದೆ ಕಣ್ಣು ಮುಚ್ಚಿ ನಿಂತಿದ್ರಲ್ಲಪ್ಪಾ, ಏನೋ ಹರಕೆ ಇರ್ಬೇಕು ಅಂದ್ಕಂಡ್ವಿ."

ಸಪ್ಲೈಯರ್‌ಗೆ ಹೇಳಿದರೆ, "ಎದ್ದು ಹೋದ್ರೆ ಮುಗೀತು ಅಂತ ಲೆಕ್ಕ ರೀ ಇಲ್ಲಿ" ಅಂದುಬಿಟ್ಟ. ಅವನ ಮಾತು ಸರಿ. ಅದೇ ಹೊಟ್ಟೆ ಉರಿಸಿದ್ದು. ಐವತ್ತೆರಡು ವರ್ಷ ಈ ಊರಿನ ನೀರು ಕುಡಿದವನು ನಾನು, ಈ ತಪ್ಪು ಮಾಡಿದ್ದು ಇದೇ ಮೊದಲು.

ಮತ್ತೆ ಮುಕ್ಕಾಲು ಗಂಟೆ. ದೋಸೆ ಬಂದ ಮೇಲೂ ತಿನ್ನುವಂತಿಲ್ಲ, ಫೋಟೋ ಆಗಬೇಕು. ಮೇಲಿಂದ ಒಂದು, ಪಕ್ಕದಿಂದ ಒಂದು, ಬೆಣ್ಣೆ ಕರಗುವ ವಿಡಿಯೋ ಒಂದು. ಎಲ್ಲ ಮುಗಿದಾಗ ದೋಸೆ ಮೆತ್ತಗಾಗಿತ್ತು. "ಸರ್, ಇದರ ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬುತ್ತಾರೆ, ಗೊತ್ತಾ?" ಅಂತ ಗೈಡ್ ನನಗೇ ಹೇಳಿದ. ನನ್ನ ಹೆಂಡತಿ ಟೇಬಲ್ ಕೆಳಗೆ ನನ್ನ ಕಾಲು ತುಳಿಯದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಅಲ್ಲಿಂದ ದುರ್ಗಕ್ಕೆ ಹೊರಡುವ ಮೊದಲು ಹಳೇ ಕಾಟನ್ ಮಿಲ್ ಕಾಂಪೌಂಡಿನ ಹತ್ತಿರ ವ್ಯಾನು ನಿಂತಿತು. ಕರ್ನಾಟಕದ ಮ್ಯಾಂಚೆಸ್ಟರ್, ಸಾವಿರಾರು ಕಾರ್ಮಿಕರು, ಮೂರು ಪಾಳಿ. ಕಣ್ಣು ಮುಚ್ಚಿ. ಸಿಟ್ಟಿನಲ್ಲೇ ಮುಚ್ಚಿದೆ. ಸೈರನ್ ಕೇಳಿಬಿಟ್ಟಿತು. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಆ ಕೂಗೇ ಗಡಿಯಾರ. ಅದು ಕೂಗಿ ಅರ್ಧ ಗಂಟೆಗೆ ಅಪ್ಪನ ಸೈಕಲ್ ಬರುತ್ತಿತ್ತು. ಅಪ್ಪನ ಹುಬ್ಬಿನ ಮೇಲೆ ಹತ್ತಿಯ ಎಳೆ. ಕ್ಯಾರಿಯರ್‌ನಲ್ಲಿ ಪೇಪರ್ ಪೊಟ್ಟಣ, ಅದರ ಮೇಲೆ ಎಣ್ಣೆ ಕಲೆ. ಸಂಬಳದ ದಿನ ಆದರೆ ತಲೆಗೆ ಎರಡು ಮಿರ್ಚಿ, ಇಲ್ಲದಿದ್ದರೆ ಒಂದರಲ್ಲೇ ಇಬ್ಬರಿಗೆ. ತೊಟ್ಟಿನ ಕಡೆಯ ತುಂಡು ಅಕ್ಕನಿಗೆ, ಯಾಕೆಂದರೆ ಅದು ಖಾರ.

"ಮಾಮ, ಎಲ್ಲರೂ ಹತ್ತಿದ್ರು" ಅಂತ ಅಕ್ಕನ ಮಗ ಭುಜ ಅಲ್ಲಾಡಿಸಿದ. ಗೈಡ್ ಮುಖ ಅರಳಿತ್ತು. ಅವನಿಗೆ ಆ ಖುಷಿ ಕೊಟ್ಟಿದ್ದಕ್ಕೆ ನನಗೆ ಇನ್ನೂ ಬೇಜಾರಿದೆ.

ದುರ್ಗ ಅರವತ್ತು ಕಿಲೋಮೀಟರ್. ನಮ್ಮ ಕಾಲದವರಿಗೆ ದುರ್ಗ ಅಂದರೆ ಕೋಟೆ ಅಲ್ಲ. 1997ರಲ್ಲಿ ನಮ್ಮದೇ ಜಿಲ್ಲೆ ಆಗುವ ತನಕ ಅದು ಜಿಲ್ಲಾ ಕೇಂದ್ರ. ಒಂದು ಸಹಿಗೆ ಬಸ್ಸು ಹತ್ತಿ ಹೋಗೋದು, "ನಾಳೆ ಬರ್ರಿ" ಅನ್ನಿಸಿಕೊಂಡು ವಾಪಸ್ ಬರೋದು. ದೂರದಿಂದ ಆ ಬಂಡೆಗಳು ಕಂಡರೆ ನನಗೆ ಈಗಲೂ ಮೊದಲು ನೆನಪಾಗುವುದು ಜೆರಾಕ್ಸ್.

ದೋಸೆ ತಡವಾದದ್ದಕ್ಕೆ ಕೋಟೆ ತಲುಪಿದಾಗ ಸುಡು ಬಿಸಿಲು. ಏಳು ಸುತ್ತಿನ ಕೋಟೆಯಲ್ಲಿ ನನಗೆ ಎರಡನೇ ಸುತ್ತಿಗೇ ಸಾಕಾಯಿತು. ಒಂದು ಸಮಾಧಾನ ಅಂದರೆ ಗೈಡ್ ಬಾಗಿಲಲ್ಲೇ, "ಇಲ್ಲಿ ಮಾತ್ರ ಕಣ್ಣು ಮುಚ್ಚಬೇಡಿ, ಕೋತಿಗಳಿವೆ" ಅಂದ. ಆ ಕೋತಿಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹೀಗಾಗಿ ಕೋಟೆಯನ್ನು ಕಣ್ಣು ಬಿಟ್ಟುಕೊಂಡೇ ನೋಡಿದೆವು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅದೂ ತುಂಬಿದರೆ ಕೆಳಗಿನ ಊರಿನ ಹೊಂಡಗಳಿಗೆ. ಕಲ್ಲುಬೆಟ್ಟದ ಮೇಲೆ ಮಳೆನೀರನ್ನು ಹೀಗೆ ಹಿಡಿದಿಟ್ಟಿದ್ದರು. ನಮ್ಮ ಓಣಿಯ ನಳ ನೆನಪಾಯಿತು. ಬಿಡಿ.

ಓಬವ್ವನ ಕಿಂಡಿಯ ಹತ್ತಿರ ಕಥೆ ಶುರುವಾಯಿತು. ಕಾವಲಿನ ಗಂಡ ಮನೆಗೆ ಊಟಕ್ಕೆ ಬಂದಿದ್ದಾನೆ. ನೀರಿಗೆ ಹೋದ ಓಬವ್ವನಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಗ್ಗುವುದು ಕಾಣುತ್ತದೆ. ಉಣ್ಣುವ ಗಂಡನನ್ನು ಎಬ್ಬಿಸದೆ ತಾನೇ ಒನಕೆ ಹಿಡಿದು ನಿಂತಳು. "ನೋಡಿದ್ರಾ?" ಅಂದಳು ನನ್ನ ಹೆಂಡತಿ, "ಗಂಡ ಅನ್ನೋನು ಊಟಕ್ಕೆ ಕೂತರೆ ಏಳೋದೇ ಇಲ್ಲ, ಆಗಿನಿಂದಲೂ." ಬೆಳಿಗ್ಗೆ ಎದ್ದದ್ದಕ್ಕೇ ಅಲ್ಲವೇ ದೋಸೆ ಹೋದದ್ದು ಅಂತ ನೆನಪು ಮಾಡಿದೆ. ಕಿಂಡಿಯಲ್ಲಿ ನಾನೂ ತೂರಿದೆ. ಹೊಟ್ಟೆಯ ಹತ್ತಿರ ಸ್ವಲ್ಪ ತಡೆಯಿತು. ಹೈದರಾಲಿಯ ಸೈನಿಕರು ಬೆಣ್ಣೆ ದೋಸೆ ತಿಂದು ಬಂದಿರಲಿಲ್ಲ ಅನ್ನುವುದು ಖಾತ್ರಿಯಾಯಿತು. 1779ರಲ್ಲಿ ಹೈದರಾಲಿ ಕೊನೆಗೂ ಕೋಟೆ ಗೆದ್ದ ಕಥೆಯನ್ನು ತಣ್ಣೀರು ದೋಣಿಯ ಹತ್ತಿರ ಕೂತು ಕೇಳಿದೆ. ಅಷ್ಟು ಹೊತ್ತಿಗೆ ನನ್ನ ಕಾಲೂ ಶರಣಾಗಿದ್ದವು.

ಸಂಜೆ ವಾಪಸ್ ಬಂದು ಖಾರಮಂಡಕ್ಕಿ, ಮಿರ್ಚಿ. ಗಾಡಿ ನಮ್ಮ ಓಣಿಯ ತುದಿಯಲ್ಲೇ ಇರುವುದು. ದಿನಾ ನಾನು ಚಪ್ಪಲಿ ಹಾಕಿಕೊಳ್ಳದೆ ಹೋಗಿ ಕಟ್ಟಿಸಿಕೊಂಡು ಬರುವ ಗಾಡಿ. ಶೂ, ಟೋಪಿ, ಕುತ್ತಿಗೆಗೆ ಗುರುತಿನ ಬಿಲ್ಲೆ ಹಾಕಿಕೊಂಡು ನಿಂತ ನನ್ನನ್ನು ಗಾಡಿಯವ ಕೆಳಗಿಂದ ಮೇಲೆ ನೋಡಿದ. "ಖಾರ ಕಮ್ಮಿ ಹಾಕ್ಲೇನ್ರಿ?" ಅಂದ.

ಇದು ಹೋದ ವಾರದ ಮಾತು. ಇವತ್ತು ಬೆಳಿಗ್ಗೆ, ಬಾಯಿ ರುಚಿ ಸರಿ ಮಾಡಿಕೊಳ್ಳೋಣ ಅಂತ ನಾನೂ ಹೆಂಡತಿಯೂ ಅದೇ ಹೋಟೆಲಿಗೆ ಹೋದೆವು. ವಿಪರೀತ ಜನ. ಒಲೆಯ ಕಡೆಯಿಂದ ಸ್ಪೀಕರಿನ ದನಿ ಕೇಳಿತು. ಅವನೇ. ಹೊಸ ಗುಂಪು. ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ, ಎಲ್ಲರ ಕಣ್ಣೂ ಮುಚ್ಚಿದೆ. ಗೋಡೆಯ ಪಕ್ಕ ಮೂರು ಟೇಬಲ್ ಖಾಲಿ.

ನಾನು ಹೆಂಡತಿಯ ಮುಖ ನೋಡುವಷ್ಟರಲ್ಲಿ ಅವಳು ಕುರ್ಚಿ ಎಳೆದಾಗಿತ್ತು. ಸಪ್ಲೈಯರ್ ದೋಸೆ ತಂದಿಟ್ಟ. ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಲೆಯ ಹತ್ತಿರ ಕಥೆ ಇನ್ನೂ ರಾಗಿಯಲ್ಲೇ ಇತ್ತು. ಬೆಣ್ಣೆಗೆ ಬರುವಷ್ಟರಲ್ಲಿ ಆರಾಮಾಗಿ ಎರಡು ಮುಗಿಸಬಹುದು.