ಸ್ಪಷ್ಟನೆ: ಇಂಗ್ಲೆಂಡಿನ ಶಾಲೆಗಳ ಆಮ್ನೆಸ್ಟಿ ಗುಂಪುಗಳ ಬಗ್ಗೆ

ಆಮ್ನೆಸ್ಟಿ ಎಂದರೆ ಮಾನವ ಹಕ್ಕುಗಳಿಗಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ. ಇಂಗ್ಲೆಂಡಿನ ಶಾಲೆಗಳಲ್ಲಿರುವ ಅದರ ಗುಂಪುಗಳ ಮಕ್ಕಳು ಚಿತ್ರಹಿಂಸೆಯಂಥ ಅನ್ಯಾಯಕ್ಕೆ ಒಳಗಾದವರ ಪರವಾಗಿ ಪತ್ರ ಬರೆಯುತ್ತಾರೆ. ‘ಆಮ್ನೆಸ್ಟಿ 2020ರಲ್ಲೇ ಬಂದ್ ಆಗಿದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಅದರ ಹೆಸರಿನಲ್ಲಿ ಮಕ್ಕಳಿಗೆ ರಾಜಕೀಯ ಕಲಿಸುತ್ತಾರೆ. ಆ ಪತ್ರಗಳಿಂದ ಯಾರಿಗೂ ಉಪಯೋಗವಾಗಿಲ್ಲ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಅರೆಬರೆ ನಿಜವಿದೆ, ಉಳಿದದ್ದು ತಪ್ಪು.

2020ರ ಸೆಪ್ಟೆಂಬರ್‌ನಲ್ಲಿ ಕೆಲಸ ನಿಲ್ಲಿಸಿದ್ದು ಬೆಂಗಳೂರಿನಲ್ಲಿ ಕಚೇರಿ ಇದ್ದ ಭಾರತದ ಘಟಕ ಮಾತ್ರ. ಅದರ ಬ್ಯಾಂಕ್ ಖಾತೆಗಳನ್ನು ತಡೆಹಿಡಿಯಲಾಗಿತ್ತು. 1961ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಮೂಲ ಸಂಸ್ಥೆ ಮುಚ್ಚಿಲ್ಲ.

ರಾಜಕೀಯದ ಮಾತಿಗೆ ಬರೋಣ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ ಪ್ರಕಾರ, ಸರ್ಕಾರಿ ಶಾಲೆಗಳಲ್ಲಿ ಪಾಠದ ಹೆಸರಿನಲ್ಲಿ ಏಕಪಕ್ಷೀಯ ರಾಜಕೀಯ ಅಭಿಪ್ರಾಯಗಳನ್ನು ಪ್ರಚಾರ ಮಾಡುವಂತಿಲ್ಲ. ಯಾರನ್ನೋ ಚಿತ್ರಹಿಂಸೆಯಿಂದ ಪಾರು ಮಾಡಿ ಅಂತ ಪತ್ರ ಬರೆಯುವುದು ಅಂಥ ಪ್ರಚಾರ ಹೇಗಾಗುತ್ತದೆ? ಅದೇನು ಓಟು ಕೇಳಿದಂತಲ್ಲವಲ್ಲ.

ಇನ್ನು ‘ಉಪಯೋಗವಿಲ್ಲ’ ಎಂಬುದು. ನೈಜೀರಿಯಾದ ಮೋಸೆಸ್ ಅಕಟುಗ್ಬಾ ಅವರನ್ನು ಫೋನ್ ಕದ್ದ ಆರೋಪದಲ್ಲಿ 2005ರಲ್ಲಿ ಬಂಧಿಸಿದಾಗ ಅವರಿಗೆ 16 ವರ್ಷ. ಪೊಲೀಸರು ಇಕ್ಕಳದಿಂದ ಉಗುರು ಕಿತ್ತು ತಪ್ಪೊಪ್ಪಿಗೆಗೆ ಸಹಿ ಹಾಕಿಸಿದರು ಎಂದು ಅವರೇ ಹೇಳಿದ್ದಾರೆ. 2013ರಲ್ಲಿ ಗಲ್ಲು ಶಿಕ್ಷೆಯಾಯಿತು. ಆಮ್ನೆಸ್ಟಿಯ ಕರೆಗೆ ಓಗೊಟ್ಟು ಜಗತ್ತಿನ ನಾನಾ ಕಡೆಯಿಂದ ಸುಮಾರು 8 ಲಕ್ಷ ಮನವಿಗಳು ಹೋದವು. 2015ರ ಮೇನಲ್ಲಿ ಡೆಲ್ಟಾ ರಾಜ್ಯದ ಗವರ್ನರ್ ಕ್ಷಮಾದಾನ ಕೊಟ್ಟರು. ಪತ್ರಗಳಿಂದಲೇ ಬಿಟ್ಟರು ಅಂತ ಎದೆ ತಟ್ಟಿ ಹೇಳುವುದು ಜಾಸ್ತಿಯಾದೀತು. ಆದರೆ ಸುಮ್ನೆ ಕಸದ ಬುಟ್ಟಿಗೆ ಹೋದವು ಎನ್ನುವುದು ಸುಳ್ಳು.