ಹ್ಯಾಪ್ಲಾಯ್ಡ್ ಮೆಣಸಿನಕಾಯಿ ಅಂದ್ರ ಜಿಎಂ ಅಲ್ರಿ

ಶಹಾಪುರ, ಸುರಪುರ ಕಡಿ ವಾಟ್ಸಾಪ್ ಗ್ರೂಪ್‌ನ್ಯಾಗ ಒಂದು ಮೆಸೇಜ್ ಓಡಾಡ್ಲಾಕತ್ತದ, ಲ್ಯಾಬಿನ್ಯಾಗ ಹ್ಯಾಪ್ಲಾಯ್ಡ್ (ಜೀನ್ ಹೊತ್ತ ಕ್ರೋಮೋಸೋಮ್ ಅರ್ಧಾನೇ ಇರೋದು) ಮಾಡಿದ ಮೆಣಸಿನಕಾಯಿ ಬೀಜ ಜಿಎಂ, ಅಂದ್ರ ಅದಕ್ಕ ಬ್ಯಾರೆ ಜೀನ್ ಸೇರ್ಸ್ಯಾರ, ಗಿಡ ಬಂಜಿ ಆಗ್ತದ ಅಂತ. ಇದು ತಪ್ಪದ.

ನಡಿಯೋದು ಏನಂದ್ರ, ಇನ್ನೂ ಅರಳದ ಮೊಗ್ಗು ತಗೀತಾರ, ಎಸಳು ಹಸಿರು ತೊಟ್ಟಿನ ಬಟ್ಟಲಿನಷ್ಟೇ ಉದ್ದ ಇದ್ದಾಗ, ಒಳಗಿನ ಪರಾಗಚೀಲದ ತುದಿ ಸ್ವಲ್ಪ ನೇರಳೆ ತಿರುಗಿರ್ತದ ನೋಡ್ರಿ, ಆ ಹದ. ಆ ಚೀಲ ಬಿಡಿಸಿ ಪೋಷಕಾಂಶ ಹಾಕಿದ ಜೆಲ್ ಮ್ಯಾಲ ಇಟ್ಟು, ಒಂದು ಪದ್ಧತಿಯೊಳಗ 35 ಡಿಗ್ರಿ ಶಾಖದಾಗ ಕತ್ತಲಿನ್ಯಾಗ 8 ದಿನ ಬಿಡ್ತಾರ. ಪರಾಗದ ಕಣದಿಂದನೇ ಸಸಿ ಏಳ್ತದ. ಮೆಣಸಿನಗಿಡಕ್ಕ 24 ಕ್ರೋಮೋಸೋಮ್, ಈ ಸಸಿಗೆ ಬರೀ 12, ಇದೇ ಹ್ಯಾಪ್ಲಾಯ್ಡ್. ಬಂಜಿ ಅನ್ನೋ ಮಾತು ಈ ಹಂತಕ್ಕ ಮಾತ್ರ ಖರೇ.

ಆದ್ರ ಅಲ್ಲಿಗೇ ಬಿಡಂಗಿಲ್ಲ, ಕಾಲ್ಚಿಸಿನ್ ಅನ್ನೋ ರಾಸಾಯನಿಕ ಹಚ್ಚಿ 12ನ್ನ 24 ಮಾಡ್ತಾರ, ಕೆಲವು ಸಸಿ ತಾವೇ ಡಬಲ್ ಆಗ್ತಾವ. ಆಮ್ಯಾಲ ಕಾಯಿನೂ ಬಿಡ್ತದ, ಬೀಜನೂ ಮೊಳೀತದ. ಹೊರಗಿನ ಜೀನ್ ಎಲ್ಲೂ ಬರಂಗಿಲ್ಲ. ಲಾಭ ಏನಂದ್ರ 6-8 ತಲೆಮಾರು ಸ್ವಪರಾಗಸ್ಪರ್ಶ ಮಾಡಿ ಪಡಿಯೋ ಶುದ್ಧ ತಳಿ (ಬೀಜ ಬಿತ್ತಿದ್ರ ಗಿಡ ಎಲ್ಲಾ ಒಂದರಂಗ ಒಂದು ಬರೋದು) ಒಂದೇ ತಲೆಮಾರಿನ್ಯಾಗ ಸಿಗ್ತದ. ಈ ದಾರಿ ತೋರ್ಸಿದ್ದೂ ನಮ್ಮೋರೇ, 1964ರಾಗ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ, ಸತೀಶ್ ಮಹೇಶ್ವರಿ, ದತ್ತೂರಿ ಗಿಡದಾಗ. ನನಗಂತೂ ಭಾಳ ಹೆಮ್ಮಿ ಅನಿಸ್ತದ.

ಒಂದು ಮಾತು ಬ್ಯಾರೆ ಇಟ್ಕೋರಿ, ಅಂಗಡಿ ಹೈಬ್ರಿಡ್ ಕಾಯಿಯ ಬೀಜ ಎತ್ತಿಟ್ಟು ಬಿತ್ತಿದ್ರ ಮುಂದಿನ ಸಲ ಗಿಡ ಒಂದರಂಗ ಒಂದು ಬರಂಗಿಲ್ಲ, ಅದು ಹೈಬ್ರಿಡ್‌ನ ಗುಣ, ಹ್ಯಾಪ್ಲಾಯ್ಡ್‌ದ ತಪ್ಪಲ್ಲ.